ಅತ್ತೆಯ ಜೊತೆ ಸಮಭಾಜಕ ವೃತ್ತಕ್ಕೆ

ಖೈತಾನ್

ಈದ್ ರಜೆ ಬಂತೆಂದರೆ ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅರ್ಧ ಜನ ಊರಿಗೆ ಹೋಗುತ್ತಾರೆ, ಇನ್ನರ್ಧ ಜನ ಮಲಗಿ ನಿದ್ದೆ ತೀರಿಸಿಕೊಳ್ಳುತ್ತಾರೆ. ಈ ಸಲ ನಾನು ಮತ್ತು ನನ್ನ ಗಂಡ ಬಸವರಾಜ ಎರಡನ್ನೂ ಬಿಟ್ಟು, ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಉಗಾಂಡಾ ಸುತ್ತಿ ಬರೋಣ ಎಂದುಕೊಂಡಿದ್ದೆವು. ಅವರು ಎಸಿ ಎಂಜಿನಿಯರ್, ನಾನು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಇಬ್ಬರ ಪಾಳಿಯೂ ಎಂದೂ ಹೊಂದಿಕೆಯಾಗುವುದಿಲ್ಲ. ಒಟ್ಟಿಗೆ ಸಿಗುವ ರಜೆ ನಮಗೆ ಹಬ್ಬವಿದ್ದ ಹಾಗೆ.

ರಂಜಾನಿನ ಒಂದು ಸಂಜೆ ಬಸವರಾಜ ಫೋನಿನಲ್ಲಿ ಉಗಾಂಡಾದ ನಕ್ಷೆ ತೆರೆದು ನನಗೆ ತೋರಿಸುತ್ತಿದ್ದರು. ಪಕ್ಕದಲ್ಲಿ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಸಿಂದಗಿಯ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು ಅವರು. ವಿಜಯಪುರದಲ್ಲಿ ಮಂಡಿಯ ಆಪರೇಷನ್ ಆದ ಮೇಲೆ, ಮನೆಯಲ್ಲೇ ಫಿಸಿಯೋಥೆರಪಿಸ್ಟ್ ಸೊಸೆ ಇದ್ದಾಳಲ್ಲ ಎಂದು ಮಗ ಇಲ್ಲಿಗೆ ಕರೆತಂದಿದ್ದರು. ಬಂದು ವರ್ಷವಾಗಿತ್ತು. ಮಂಡಿ ಚೆನ್ನಾಗಿಯೇ ಕೂಡಿಕೊಂಡಿತ್ತು. ಅತ್ತೆ ಮಾತ್ರ ದಿನದಿನಕ್ಕೆ ಮೌನವಾಗುತ್ತ ಹೋಗಿದ್ದರು. ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಕಿಟಕಿಯ ಪರದೆ ಸರಿಸುವುದನ್ನೂ ಬಿಟ್ಟಿದ್ದರು.

"ಅದರಾಗ ಸಮಭಾಜಕ ವೃತ್ತ ಹಾದು ಹೋಗತೈತಲ್ಲ?" ಎಂದರು ಒಮ್ಮೆಲೇ, ಸೊಪ್ಪಿನಿಂದ ತಲೆ ಎತ್ತದೆ.

"ಏನಂದಿ, ಅವ್ವಾ?" ಎಂದರು ಬಸವರಾಜ.

"ಉಗಾಂಡಾದಾಗ. ಸಮಭಾಜಕ ವೃತ್ತ."

"ಭೂಮಧ್ಯ ರೇಖೆನಾ ಅತ್ತೆ?" ಎಂದೆ ನಾನು.

"ರೇಖೆ ಅಲ್ಲವ್ವ, ವೃತ್ತ. ಭೂಮಿ ಸುತ್ತಿ ಬಂದು ತನ್ನ ತುದಿಗೆ ತಾನ ಕೂಡತೈತಿ." ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. "ಅದನ್ನ ಕರೀ ಹಲಗಿ ಮ್ಯಾಲೆ ಎಷ್ಟು ಸಲ ಎಳದೀನೋ ಏನೋ. ಖರೇವಂದ್ರ ಅದು ಎಲ್ಲೈತಿ ಅಂತ ಒಮ್ಮೆ ನೋಡಬೇಕಿತ್ತು."

ಆ ವರ್ಷ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ಬಸವರಾಜ ನನ್ನ ಮುಖ ನೋಡಿದರು. ಆ ರಾತ್ರಿಯೇ ಮೂರನೆಯ ಟಿಕೆಟ್ ತೆಗೆದೆವು.

ಹೊರಡುವ ಹಿಂದಿನ ದಿನ ಶರ್ಕ್‌ನ ಒಂದು ಆಫೀಸಿಗೆ ಇಡೀ ಕಟ್ಟಡವನ್ನು ತಂಪಾಗಿಡುವ ಎಸಿ ಯಂತ್ರ, ಚಿಲ್ಲರ್, ಕೆಟ್ಟಿತು. ಬಸವರಾಜ ಮನೆಗೆ ಬಂದವರು ಬೂಟು ಬಿಚ್ಚುವ ಮುಂಚೆಯೇ, "ಖಲಾಸ್. ನನ್ನ ರಜಾ ಹೋತು. ನೀವಿಬ್ರೂ ಹೋಗಿ ಬರ್ರಿ" ಎಂದರು.

ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ. ನಾನು ತುಮಕೂರಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಅವರಿಗೆ ಬಹಳ ನಾಜೂಕು ಅನ್ನಿಸುತ್ತಿತ್ತು. ಆಮೇಲೆ ಇಬ್ಬರೂ ಆ ದೂರಕ್ಕೇ ಒಗ್ಗಿಹೋಗಿದ್ದೆವು. ಈಗ ಅವರನ್ನು ಕರೆದುಕೊಂಡು ಗೊತ್ತಿಲ್ಲದ ದೇಶದಲ್ಲಿ ಬಸ್ಸು ಹತ್ತಿ ಇಳಿಯಬೇಕು.

"ಅತ್ತೆ, ನಿಮಗೆ ಕಷ್ಟ ಆಗುತ್ತೆ ಅನ್ನಿಸಿದ್ರೆ ಮುಂದಿನ ಸಲ ಹೋಗೋಣ" ಎಂದೆ.

"ಸೂರ್ಯ ಮುಂದಿನ ಸಲ ತನಕ ನಿಲ್ಲಂಗಿಲ್ಲ" ಎಂದರು. ಹಗಲು ರಾತ್ರಿ ಸಮವಾಗುವ ದಿನ ಆಗ ಕಳೆದು ಒಂದೂವರೆ ವಾರವಾಗಿತ್ತು ಅಷ್ಟೆ. ಸೂರ್ಯ ಇನ್ನೂ ಆ ವೃತ್ತದ ಆಸುಪಾಸಿನಲ್ಲೇ ಇದ್ದಾನೆ, ನಡು ಮಧ್ಯಾಹ್ನ ಅಲ್ಲಿ ನಿಂತರೆ ನೆರಳು ಕಾಲಬುಡದಲ್ಲೇ ಬೀಳುತ್ತದೆ ಎನ್ನುವುದು ಅವರ ಲೆಕ್ಕ. ಅವರಿಗೆ ನೋಡಬೇಕಾಗಿದ್ದುದು ಅದನ್ನೇ.

ಏರ್‌ಪೋರ್ಟಿನಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಇಳಕಲ್ ಸೀರೆ, ಕಾಲಿಗೆ ನನ್ನ ಹಳೆಯ ಸ್ಪೋರ್ಟ್ಸ್ ಶೂ, ಬೆನ್ನಿಗೆ ಮಗನ ದೊಡ್ಡ ಬ್ಯಾಗು. ಬ್ಯಾಗಿನ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದಲ್ಲಿ ಸಿಕ್ಕಿಸಿದ ಒಂದು ಛತ್ರಿ.

ಕಂಪಾಲಾ

ಮೊದಲ ಎಡವಟ್ಟು ನನ್ನದೇ. ಪ್ರವಾಸಿಗರು ತಂಗುವ ಹಾಸ್ಟೆಲಿನಲ್ಲಿ ಹೆಂಗಸರ ಕೋಣೆ ಎಂದುಕೊಂಡು ನಾನು ಹಿಡಿದದ್ದು ಎಲ್ಲರೂ ಮಲಗುವ ಕೋಣೆ. ಒಂದರ ಮೇಲೊಂದು ಮಂಚ. ಪ್ರಯಾಣದ ದಣಿವಿನಲ್ಲಿ ಅತ್ತೆ ಕೆಳಗಿನ ಮಂಚದ ಮೇಲೆ ಅಡ್ಡಾಗಿ, ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ವೀಣಾ, ಈ ಕಾಲು ಯಾರವು?"

ಮೇಲಿನ ಮಂಚದಿಂದ ಎರಡು ಉದ್ದನೆಯ ಬಿಳಿ ಕಾಲುಗಳು ಅವರ ಮೂಗಿನ ಮುಂದೆ ಇಳಿಬಿದ್ದಿದ್ದವು. ಕಾಲಿನ ಒಡೆಯ ಹಾಲೆಂಡಿನ ಒಬ್ಬ ತರುಣ, ಪುಸ್ತಕ ಓದುತ್ತ ಕೂತಿದ್ದ. ನಾನು ನಾಚಿಕೆಯಿಂದ ಕುಗ್ಗಿ, ಕೋಣೆ ಬದಲಿಸಿಕೊಡಿ ಎಂದು ಕೇಳಲು ಓಡಿದೆ. ಬೇರೆ ಕೋಣೆ ಇರಲಿಲ್ಲ. ವಾಪಸು ಬಂದು ನೋಡಿದರೆ ಅತ್ತೆ ಛತ್ರಿಯನ್ನು ಬಿಚ್ಚಿ ಮಂಚದ ಪಕ್ಕಕ್ಕೆ ಮರೆ ಮಾಡಿಕೊಂಡು ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

ಬೆಳಿಗ್ಗೆ ಆ ಹುಡುಗ ನಮ್ಮ ಕಡಕ್ ರೊಟ್ಟಿಯನ್ನು ಹಪ್ಪಳ ಎಂದುಕೊಂಡು ಒಂದು ತುಂಡು ಕೇಳಿ ತೆಗೆದುಕೊಂಡ. ಚಟ್ನಿ ಹಚ್ಚಿಕೊಂಡು ತಿಂದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಇನ್ನೊಂದಕ್ಕೆ ಕೈ ಚಾಚಿದ. "ಪಾಪ, ಹಸದಾನ" ಎಂದು ಅತ್ತೆ ಮೂರನೆಯದನ್ನೂ ಕೊಟ್ಟರು.

ಸಮಭಾಜಕ ವೃತ್ತ ಹಾಯುವುದು ಮಸಾಕಾಕ್ಕೆ ಹೋಗುವ ದಾರಿಯಲ್ಲಿ, ಕಯಾಬ್ವೆ ಎಂಬ ಸಣ್ಣ ಊರಿನ ಹತ್ತಿರ. ಬೆಳಿಗ್ಗೆ ಹೋಗಿ ಸಂಜೆಗೆ ಹಿಂತಿರುಗಬಹುದು. ಅಲ್ಲಿನ ಜನ ಹೋಗುವುದು ಮಿನಿಬಸ್ಸಿನಲ್ಲಿ. ಅದನ್ನು ಅವರು ಟ್ಯಾಕ್ಸಿ ಎನ್ನುತ್ತಾರೆ. ಅದಕ್ಕೆ ಹೊರಡುವ ಹೊತ್ತು ಅಂತ ಒಂದಿಲ್ಲ. ಸೀಟು ತುಂಬಿದ ಕೂಡಲೇ ಹೊರಡುತ್ತದೆ, ತುಂಬುವ ತನಕ ನಿಂತಿರುತ್ತದೆ. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಕುವೈತಿನಲ್ಲಿ ಎಲ್ಲರೂ ಅವರವರ ಕಾರಿನ ಗಾಜು ಏರಿಸಿಕೊಂಡು ಹೋಗುವವರು. ಪಕ್ಕದ ಲೇನಿನವನ ಮುಖವನ್ನೂ ನೋಡುವುದಿಲ್ಲ. ಇಲ್ಲಿ ಹತ್ತಿದವರೆಲ್ಲ ಒಳಗೆ ಕೂತ ಅಷ್ಟೂ ಜನರ ಯೋಗಕ್ಷೇಮ ವಿಚಾರಿಸಿಯೇ ಕೂರುತ್ತಿದ್ದರು. ಕಿಟಕಿಗೆ ಬಾಳೆಹಣ್ಣು ಬಂತು, ಕಾಲುಚೀಲ ಬಂತು, ಜೀವಂತ ಕೋಳಿ ಬಂತು.

"ನಮ್ಮ ಸಿಂದಗಿ ಟಂಟಂ ಹಂಗ ಐತಿ" ಎಂದು ಅತ್ತೆ ಕಾಲು ಮೇಲೆಳೆದುಕೊಂಡು ಆರಾಮವಾಗಿ ಕೂತರು. ಕಂಡಕ್ಟರ್ ಅವರನ್ನು "ಜಾಜಾ" ಎಂದು ಕರೆದ. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ ಎಂದು ಪಕ್ಕದ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು.

"ಹನ್ನೆರಡಕ್ಕೆ ಮುಟ್ತೀವೋ ಇಲ್ವೋ ಅತ್ತೆ" ಎಂದೆ.

"ಒಂದಕ್ಕ ಮುಟ್ಟಿದ್ರ ಸಾಕು. ಕುವೈತಿಗೂ ಇಲ್ಲಿಗೂ ಗಡಿಯಾರ ಒಂದ. ಆದ್ರ ಸೂರ್ಯ ಮೊದಲ ಅಲ್ಲಿ ಹಾದು ಆಮ್ಯಾಲೆ ಇಲ್ಲಿಗೆ ಬರ್ತಾನ. ಇಲ್ಲಿ ಖರೇ ಮಧ್ಯಾಹ್ನ ಆಗೂದು ಒಂದರ ಸುಮಾರಿಗೆ."

ಅಷ್ಟು ಸಹಜವಾಗಿ ಹೇಳಿ ಅವರು ಕಿಟಕಿಯಾಚೆ ನೋಡತೊಡಗಿದರು. ವರ್ಷದಿಂದ ನನ್ನ ಮನೆಯಲ್ಲಿದ್ದ ಈ ಹೆಂಗಸು ಯಾರು ಎಂದು ನನಗೆ ಆಗ ಮೊದಲ ಬಾರಿಗೆ ಕುತೂಹಲ ಹುಟ್ಟಿತು.

ಮಸಾಕಾ ರಸ್ತೆ

ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹಸಿರೋ ಹಸಿರು. ಬಾಳೆ ತೋಟ, ಕೆಂಪು ಮಣ್ಣು, ರಸ್ತೆ ಬದಿಯಲ್ಲಿ ಸಾಲಾಗಿ ಇಟ್ಟ ಡೋಲುಗಳು. ಮರಳಿನ ಬಣ್ಣಕ್ಕೆ ಒಗ್ಗಿದ ನನ್ನ ಕಣ್ಣಿಗೆ ಅಷ್ಟು ಹಸಿರು ಮೊದಮೊದಲು ಚುಚ್ಚಿದಂತಾಯಿತು. ಆಮೇಲೆ ಜೊಂಡು ಬೆಳೆದ ಒಂದು ದೊಡ್ಡ ಜೌಗು ಬಂತು. ಅದರ ನಡುಮಧ್ಯದಲ್ಲಿ ನಮ್ಮ ಟ್ಯಾಕ್ಸಿಯ ಎಂಜಿನಿನಿಂದ ಬುಸ್ಸೆಂದು ಹಬೆ ಬಂತು.

ಎಲ್ಲರೂ ಇಳಿದರು. ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ. ಗಂಡಸರೆಲ್ಲ ಎಂಜಿನ್ನಿನ ಸುತ್ತ ನಿಂತು ಡ್ರೈವರಿಗೆ ತಲೆಗೊಂದು ಸಲಹೆ ಕೊಟ್ಟರು. ಈ ಒಂದು ವಿಷಯದಲ್ಲಿ ಜಗತ್ತಿನ ಗಂಡಸರೆಲ್ಲ ಒಂದೇ. ಹೆಂಗಸೊಬ್ಬಳು ಹಲಸಿನ ಹಣ್ಣಿನ ಹೋಳು ಬಿಚ್ಚಿ ಎಲ್ಲರಿಗೂ ತೊಳೆ ಹಂಚಿದಳು. "ಈಗ, ಈಗಲೇ ಹೊರಡ್ತೀವಿ" ಎಂದು ಕಂಡಕ್ಟರ್ ನಗುತ್ತ ಹೇಳಿದ.

ಅತ್ತೆ ಆಕಾಶ ನೋಡಿದರು. ಸೂರ್ಯ ಸಾಕಷ್ಟು ಮೇಲೇರಿದ್ದ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಅವರು ಬ್ಯಾಗು ಬೆನ್ನಿಗೇರಿಸಿ, ಛತ್ರಿ ಹಿಡಿದು, ಯಾರಿಗೂ ಹೇಳದೆ ನಡೆಯತೊಡಗಿದರು.

ನಾನು ಹಿಂದೆ ಓಡಿದೆ. "ಅತ್ತೆ, ಎಲ್ಲಿಗೆ? ನಿಮ್ಮ ಮಂಡಿ!"

"ಮಂಡಿ ನಂದು. ನಡಿ."

"ಇಷ್ಟು ದೂರ ನಡೆಯೋಕಾಗಲ್ಲ. ನಾಳೆ ಊದಿಕೊಳ್ಳುತ್ತೆ, ಆಮೇಲೆ ನಾನೇ..."

ಅವರು ಗಕ್ಕನೆ ನಿಂತರು. ಮುಖ ಕೆಂಪಾಗಿತ್ತು, ಬಿಸಿಲಿಗೋ ಸಿಟ್ಟಿಗೋ ತಿಳಿಯಲಿಲ್ಲ.

"ವೀಣಾ, ಒಂದು ಮಾತು ಹೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ. ನಿಮ್ಮ ಮನ್ಯಾಗ ನನ್ನನ್ನ ಯಾರೂ ಏನೂ ಕೇಳಂಗಿಲ್ಲ. ಮಂಡಿ ಹೆಂಗೈತಿ ಅಂತೀರಿ, ಊಟ ಆತೇನು ಅಂತೀರಿ, ಔಷಧ ತಗೊಂಡ್ರೇನು ಅಂತೀರಿ. ಛಲೋನ ನೋಡ್ಕೋತೀರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಸಾಲ್ಯಾಗ ಇದ್ದಾಗ ಬೆಳಗಿಂದ ಸಂಜೀತನ ಹುಡುಗೂರು ಕೇಳೋರು. ಟೀಚರ್, ಮಳೆ ಯಾಕ ಬರ್ತೈತಿ? ಟೀಚರ್, ಸಮುದ್ರ ಯಾಕ ಉಪ್ಪು? ಒಮ್ಮೊಮ್ಮೆ ಸಾಕಾಗಿ ಬೈತಿದ್ದೆ. ಈಗ ನನ್ನ ತಲಿಯಾಗಿದ್ದದ್ದು ಯಾರಿಗೂ ಬೇಕಾಗಿಲ್ಲ. ಮಂಡಿ ಅಷ್ಟ ಬೇಕಾಗೈತಿ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮನೆಗೆ ಬಂದ ಕೂಡಲೇ ನಾನು ನೋಡುತ್ತಿದ್ದುದು ಅವರು ಹೇಗೆ ಹೆಜ್ಜೆ ಇಡುತ್ತಿದ್ದಾರೆ ಎಂದು. ಕ್ಲಿನಿಕ್ಕಿನಲ್ಲಿ ನೋಡುವ ಕಣ್ಣಿನಿಂದಲೇ ಮನೆಯಲ್ಲೂ ನೋಡುತ್ತಿದ್ದೆ. ಅವರ ಮೌನಕ್ಕೆ ನಾನೇ ಕಾರಣವಿರಬೇಕು, ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಸುಮ್ಮನೆ ನೊಂದುಕೊಂಡಿದ್ದೆ.

ಅವರ ಬೆನ್ನಿನ ಬ್ಯಾಗು ಇಸಿದುಕೊಂಡೆ. ಬೇಡವೆನ್ನಲಿಲ್ಲ. ಜೌಗಿನ ಪಕ್ಕದಲ್ಲಿ ಇಬ್ಬರೂ ಜೊತೆಯಾಗಿ ನಡೆದೆವು. ಕೊನೆಗೆ ನಾನೇ ಕೇಳಿದೆ, "ಅತ್ತೆ, ಸಮುದ್ರ ಯಾಕೆ ಉಪ್ಪು?"

ಅವರು ನನ್ನತ್ತ ಓರೆಗಣ್ಣಲ್ಲಿ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂದು ಅಳೆದಿರಬೇಕು. ಆಮೇಲೆ, "ನದಿ ನೀರು ಕಲ್ಲು ತೊಳಕೊಂತ ಬರ್ತಾವ..." ಎಂದು ಶುರು ಮಾಡಿದರು. ನಾನು ಫಿಸಿಯೋಥೆರಪಿ ಓದಿದವಳು. ಆದರೂ ಇದನ್ನು ಯಾರೂ ನನಗೆ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಉಪ್ಪಿನ ಕಥೆ ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ಬಾಡಿಗೆ ಬೈಕು ಬಂದು ನಿಂತಿತು. ಕಂಡಕ್ಟರನೇ ಕಳಿಸಿದ್ದಂತೆ. ಜಾಜಾ ನಡೆದು ಹೋಗಬಾರದು ಎಂದನಂತೆ. ಬೈಕು ಒಂದೇ, ನಾವು ಇಬ್ಬರು. "ಮೂರೂ ಜನ ಕೂರಬಹುದು" ಎಂದ ಸವಾರ. ನಾನು ಬೇಡವೆನ್ನುವಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಒಟ್ಟುಗೂಡಿಸಿ ಅವನ ಹಿಂದೆ ಒಂದೇ ಬದಿಗೆ ಕೂತಾಗಿತ್ತು. ನಾನು ಕೊನೆಯಲ್ಲಿ, ಎರಡೂ ಬ್ಯಾಗಿನ ಭಾರ ಹೊತ್ತು, ಅವರ ಸೊಂಟ ತಬ್ಬಿ ಹಿಡಿದು ಕೂತೆ. ನಾನು ಅವರನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಕಯಾಬ್ವೆ

ರಸ್ತೆಯ ಎರಡೂ ಬದಿಗೆ ಆಳೆತ್ತರ ಮೀರಿದ ಎರಡು ಬಿಳಿ ಸಿಮೆಂಟಿನ ಉಂಗುರಗಳು, ನಡುವೆ ಡಾಂಬರಿನ ಮೇಲೆ ಎಳೆದ ಒಂದು ಗೆರೆ. ಅಷ್ಟೇ. ಸುತ್ತ ಒಂದಷ್ಟು ಅಂಗಡಿ, ಕಾಫಿ, ಮರದ ಜಿರಾಫೆಗಳು. ಲಾರಿಗಳು ಆ ಗೆರೆಯ ಮೇಲೆ ನಿಧಾನವನ್ನೂ ಮಾಡದೆ ಓಡುತ್ತಿದ್ದವು. ಇಷ್ಟೇನಾ ಎಂದು ನನಗೆ ಅನ್ನಿಸಿತು. ಅತ್ತೆಗೆ ಹಾಗನ್ನಿಸಲಿಲ್ಲ. ಗೆರೆಯ ಹತ್ತಿರ ಹೋಗಿ ಶೂ ಕಳಚಿದರು, ಒಂದು ಕಾಲು ಉತ್ತರಕ್ಕೆ, ಒಂದು ಕಾಲು ದಕ್ಷಿಣಕ್ಕೆ ಇಟ್ಟು ನಿಂತರು. ಬಿಸಿಯಾದ ನೆಲ. ಆದರೂ ನಿಂತರು.

ಸೂರ್ಯ ಮಾತ್ರ ಮೋಡದ ಹಿಂದೆ ಹೋಗಿದ್ದ.

ಅಲ್ಲೇ ಪಕ್ಕದಲ್ಲಿ ಒಬ್ಬ ನೀರಿನ ಆಟ ತೋರಿಸುತ್ತಿದ್ದ. ತೂತಿರುವ ಮೂರು ಬೋಗುಣಿ, ಗೆರೆಯ ಆಚೆಗೊಂದು, ಈಚೆಗೊಂದು, ಗೆರೆಯ ಮೇಲೊಂದು. ಪ್ರವಾಸಿಗಳ ಗುಂಪು ಸೇರಿತ್ತು. ನೀರು ಸುರಿದು ಅದರಲ್ಲೊಂದು ಹೂ ಬಿಡುತ್ತಿದ್ದ. ಉತ್ತರದ ಬೋಗುಣಿಯಲ್ಲಿ ಹೂ ಒಂದು ಕಡೆಗೆ ಸುತ್ತಿತು, ದಕ್ಷಿಣದ್ದರಲ್ಲಿ ಇನ್ನೊಂದು ಕಡೆಗೆ, ನಡುವಿನದರಲ್ಲಿ ಸುತ್ತದೆ ನೇರ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅತ್ತೆ ತಟ್ಟಲಿಲ್ಲ.

"ಅಂವನ ಹೆಸರೇನಂತ?" ಎಂದು ಕೇಳಿದರು.

"ಮೋಸೆಸ್ ಅಂತೆ."

"ಹೆಸರಿನಾಗ ಐತಿ ನೋಡು ಮೋಸ. ಅಂವ ನೀರು ಸುರಿಯೂ ಮುಂದ ಕೈ ನೋಡು. ಒಂದು ಕಡೆ ಎಡಕ್ಕ ಸುರೀತಾನ, ಇನ್ನೊಂದು ಕಡೆ ಬಲಕ್ಕ. ಹೆಂಗ ಸುರೀತಾನೋ ಹಂಗ ತಿರುಗತೈತಿ. ಇಷ್ಟು ಸಣ್ಣ ಬೋಗಾಣಿ ನೀರಿಗೆ ಭೂಮಿ ತಿರುಗೂದು ತಿಳಿಯಂಗಿಲ್ಲ." ಹೀಗೆಂದು ಗುಂಪಿನೊಳಗೆ ನುಗ್ಗತೊಡಗಿದರು.

ನಾನು ಅವರ ತೋಳು ಹಿಡಿದೆ. "ಬೇಡ ಅತ್ತೆ. ಪಾಪ, ಅವನ ಹೊಟ್ಟೆಪಾಡು."

ಅವರು ನಿಂತರು. ಗುಂಪು ಫೋಟೋ ತೆಗೆಸಿಕೊಂಡು ಕಾಫಿ ಕಡೆಗೆ ಹೋಗುವ ತನಕ ಕಾದರು. ಆಮೇಲೆ ಮೋಸೆಸ್‌ನ ಎದುರಿಗೆ ಹೋಗಿ, ಸಿಂದಗಿಯ ಸ್ಟಾಫ್ ರೂಮಿನ ಇಂಗ್ಲಿಷಿನಲ್ಲಿ, ನನ್ನ ಸಹಾಯ ಬೇಡದೆ ಹೇಳಿದರು: "ಯೂ ಪೋರ್ ವಾಟರ್. ದೆನ್ ವೇಟ್. ವಾಟರ್ ಶುಡ್ ಸ್ಲೀಪ್. ದೆನ್ ಓಪನ್."

ಮೋಸೆಸ್ ಅವರನ್ನು ನೋಡಿದ. ನನ್ನನ್ನು ನೋಡಿದ. ಸುತ್ತ ಯಾರಿದ್ದಾರೆಂದು ನೋಡಿದ. ಆಮೇಲೆ ಮೈ ಕುಲುಕಿಸಿ ನಗತೊಡಗಿದ.

"ಮಾತಾಜಿ ಟೀಚರಾ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ. ಹಿಂದಿಯ ಆ ಒಂದು ಪದವನ್ನು ಯಾವ ಪ್ರವಾಸಿಯಿಂದ ಕಲಿತಿದ್ದನೋ. ಹೌದೆಂದೆ. "ಟೀಚರುಗಳೇ ಹಿಡಿಯೋದು. ಬೇರೆಯವರು ಹಿಡಿಯೋದಿಲ್ಲ" ಎಂದ. ಉತ್ತರದ ಬೋಗುಣಿಗೆ ನೀರು ತುಂಬಿ, ಸ್ತಬ್ಧವಾಗಲು ಬಿಟ್ಟು, ಬಿರಡೆ ತೆಗೆದ. ಹೂ ಅತ್ತ ಇತ್ತ ಸ್ವಲ್ಪ ಅನುಮಾನಿಸಿ, ಯಾವ ಕಡೆಗೂ ಸುತ್ತದೆ ತೂತಿಗೆ ಇಳಿಯಿತು. ಅತ್ತೆ ತಲೆಯಾಡಿಸಿದರು. ಬೈಯಲಿಲ್ಲ.

"ಹಾಗಾದರೆ ಇಲ್ಲಿ ನಿಜವಾಗಿ ಬೇರೆಯಾಗಿರೋದು ಏನು, ಮೇಡಂ?" ಎಂದು ಮೋಸೆಸ್ ಕೇಳಿದ. "ದಿನಾ ಇಲ್ಲೇ ನಿಂತಿರ್ತೀನಿ. ಬಂದವರು ಅದನ್ನೇ ಕೇಳ್ತಾರೆ."

ಅದೊಂದು ಪ್ರಶ್ನೆ ಸಾಕಾಯಿತು. ಅತ್ತೆಯ ಬೆನ್ನು ನೆಟ್ಟಗಾಯಿತು. ನೇರವಾದ ಒಂದು ಕೋಲು ಬೇಕೆಂದರು. ಅವನು ಪೊರಕೆಯ ಹಿಡಿ ತಂದ. ರಸ್ತೆ ಬದಿಯ ಮಣ್ಣಿನಲ್ಲಿ ಅದನ್ನು ಊರಿ, ನನ್ನ ಫೋನಿನ ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ಓರೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನಾವು ಮೂವರೂ ಮುಖ ಮೇಲೆತ್ತಿ ನಿಂತೆವು. ಮೋಡ ಅಲುಗಲಿಲ್ಲ. ಒಂದೆರಡು ಹನಿ ಬಿತ್ತು. ಕಾಫಿ ಕುಡಿಯುತ್ತಿದ್ದವರು ಏನೋ ಇದೆ ಎಂದು ಬಂದು ಸುತ್ತ ನಿಂತರು. ಜಿರಾಫೆ ಮಾರುವ ಹೆಂಗಸೂ ಬಂದಳು.

"ಬರ್ತಾನೇನು ಅತ್ತೆ?" ಎಂದೆ. ಒಂದು ಗಂಟೆ ಹತ್ತಿರವಾಗುತ್ತಿತ್ತು. ಇಷ್ಟು ದೂರ ಬಂದು ಇವರಿಗೆ ಇದೊಂದು ಸಿಗದಿದ್ದರೆ ಎಂದು ಮತ್ತೆ ಗಡಿಯಾರ ನೋಡಿಕೊಂಡೆ.

"ಬಂದ್ರ ಬರ್ತಾನ. ಮೋಡದ ಹಿಂದ ಇದ್ರೂ ನೆತ್ತಿ ಮ್ಯಾಲೇನ ಇರ್ತಾನಲ್ಲ" ಎಂದರು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಮೋಡದ ಅಂಚು ಬೆಳ್ಳಗಾಯಿತು. ಮೊದಲು ಬಾಳೆತೋಟದ ಮೇಲೆ ಬಿಸಿಲು ಬಿತ್ತು, ಆಮೇಲೆ ರಸ್ತೆಗೆ, ಆಮೇಲೆ ನಮ್ಮ ಮೇಲೆ. ಕೋಲಿನ ಬುಡದಲ್ಲಿ ಒಂದು ಸಣ್ಣ ಕಪ್ಪು ತುಂಡು, ಬೆರಳುದ್ದ, ದಕ್ಷಿಣಕ್ಕೆ ಬಿದ್ದಿತ್ತು. ಅಷ್ಟು ಎತ್ತರದ ಕೋಲಿಗೆ ಅಷ್ಟೇ ನೆರಳು.

ಅತ್ತೆ ಇಂಗ್ಲಿಷು ಮರೆತರು. ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಹಗಲು ರಾತ್ರಿ ಸಮವಾಗುವ ದಿನವೇ ಬಂದಿದ್ದರೆ ಈ ಬೆರಳುದ್ದವೂ ಇರುತ್ತಿರಲಿಲ್ಲ. ಈಗ ಸೂರ್ಯ ಉತ್ತರಕ್ಕೆ ಹೊರಟಿದ್ದಾನೆ, ಅದಕ್ಕೇ ನೆರಳು ದಕ್ಷಿಣಕ್ಕೆ. ಕುವೈತಿನಲ್ಲಿ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಇಲ್ಲಿ ಆರು ತಿಂಗಳು ಅತ್ತ, ಆರು ತಿಂಗಳು ಇತ್ತ. ಯಾರೋ ಪ್ರಶ್ನೆ ಕೇಳಿದರು, ಅದಕ್ಕೆ ಉತ್ತರ ಕೊಟ್ಟರು. ಇನ್ನೊಬ್ಬರು ಕೇಳಿದರು. ಎಲ್ಲರೂ ಕೈ ಚಾಚಿ, ಸುತ್ತಲೂ ತಿರುಗಿ ತಮ್ಮ ತಮ್ಮ ನೆರಳನ್ನು ಹುಡುಕುತ್ತಿದ್ದರು. ಜಿರಾಫೆ ಮಾರುವ ಹೆಂಗಸು ತನ್ನ ಕಾಲ ಬಳಿಯ ಗುಂಡನೆಯ ನೆರಳು ನೋಡಿ ಕಿಲಕಿಲ ನಕ್ಕಳು. ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಒಮ್ಮೆಯೂ ಕೆಳಗೆ ನೋಡಿರಲಿಲ್ಲ ಎಂದಳು.

ಅಷ್ಟೆಲ್ಲ ಆದಮೇಲೆ ಅತ್ತೆ ಮರದ ಕೆಳಗಿನ ಬೆಂಚಿನಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಮಂಡಿಯ ವಿಷಯ ಎತ್ತಲಿಲ್ಲ.

"ಹಸಿವಾಗೈತಿ" ಎಂದು ಅವರೇ ಹೇಳಿದರು. ಅಲ್ಲಿ ಸಿಕ್ಕಿದ್ದು ಬಿಸಿ ಚಪಾತಿ, ಬೀನ್ಸ್ ಕಾಳಿನ ಪಲ್ಯ. ಅಲ್ಲೂ ಅದನ್ನು ಚಪಾತಿ ಎಂದೇ ಕರೆಯುತ್ತಾರೆ. ಮೋಸೆಸ್ ದುಡ್ಡು ಕೊಡಲು ಬಿಡಲಿಲ್ಲ. ಪೊರಕೆಯ ಹಿಡಿಯನ್ನು ಅಲ್ಲೇ ಊರಿಟ್ಟಿರುತ್ತೇನೆ, ಬಂದವರಿಗೆ ನೀರಿನ ಆಟದ ಜೊತೆ ಇದನ್ನೂ ತೋರಿಸುತ್ತೇನೆ ಎಂದ. "ಮೊದಲ ಇದನ್ನ ತೋರಸು" ಎಂದು ಅತ್ತೆ ಕನ್ನಡದಲ್ಲೇ ತಾಕೀತು ಮಾಡಿದರು. ಅವನು ತಲೆಬಾಗಿ ಒಪ್ಪಿಕೊಂಡ.

ಮತ್ತೆ ಖೈತಾನ್

ಈದ್ ರಜೆ ಮುಗಿದ ಮೇಲಿನ ಮೊದಲ ಶುಕ್ರವಾರ, ಕುವೈತಿನಲ್ಲಿ ವಾರದ ರಜೆ. ಆದರೂ ನನಗೆ ಬೆಳಗಿನ ಪಾಳಿ ಇತ್ತು. ಹನ್ನೊಂದೂವರೆಗೆ ಮನೆಗೆ ಬಂದರೆ ಬಾಗಿಲಿಗೆ ಬೀಗ ಹಾಕಿದೆ. ಒಳಗೆ ಅತ್ತೆ ಇಲ್ಲ. ಅವರ ಫೋನು ಮೇಜಿನ ಮೇಲಿದೆ. ಬಸವರಾಜ ಕೆಲಸದಲ್ಲಿದ್ದರು, ಅವರಿಗೂ ಗೊತ್ತಿರಲಿಲ್ಲ. ಕೆಳಗೆ ಓಡಿ, ಕಟ್ಟಡ ಕಾಯುವ ಈಜಿಪ್ಟಿನ ಹಾರಿಸ್‌ನನ್ನು ಕೇಳಿದೆ. ಅವನು ಬೆರಳೆತ್ತಿ ಮೇಲೆ ತೋರಿಸಿ, ಸೋತವನಂತೆ ಎರಡೂ ಕೈ ಚೆಲ್ಲಿದ. ತಾರಸಿಯ ಬೀಗದ ಕೈ ತನ್ನಿಂದ ತೆಗೆದುಕೊಂಡು ಹೋದರಂತೆ. ಯಾವ ಭಾಷೆಯಲ್ಲಿ ಕೇಳಿದರೋ ದೇವರೇ ಬಲ್ಲ. ಬಟ್ಟೆ ಒಣಗಿಸುವುದಕ್ಕೂ ಯಾರಿಗೂ ತಾರಸಿ ಬಿಡದ ಮನುಷ್ಯ ಅವನು.

ಲಿಫ್ಟಿನಲ್ಲಿ ಮೇಲೆ ಹೋಗಿ, ಕಬ್ಬಿಣದ ಬಾಗಿಲು ತಳ್ಳಿದೆ. ನೀರಿನ ಟ್ಯಾಂಕು, ಡಿಶ್ ಆಂಟೆನಾಗಳ ನಡುವೆ ಅತ್ತೆ ಛತ್ರಿ ಹಿಡಿದು ನಿಂತಿದ್ದರು. ಸುತ್ತ ನಮ್ಮ ಕಟ್ಟಡದ ಕನ್ನಡದವರ ಮಕ್ಕಳು ಟೋಪಿ ಹಾಕಿಕೊಂಡು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದರು. ನಡುವೆ ಪೇಂಟಿನ ಡಬ್ಬಿಯಲ್ಲಿ ಮರಳು ತುಂಬಿ ನಿಲ್ಲಿಸಿದ ಒಂದು ಕೋಲು. ನೆರಳಿನ ತುದಿಗೆ ಒಬ್ಬಳು ಸೀಮೆಸುಣ್ಣದಿಂದ ಗುರುತು ಮಾಡುತ್ತಿದ್ದಳು.

"ಅಜ್ಜಿ, ಇಟ್ ಮೂವ್ಡ್!" ಎಂದು ಅವಳು ಕೂಗಿದಳು. "ವೈ ಈಸ್ ಇಟ್ ಮೂವಿಂಗ್?"

"ಅದು ಸರಿಯಾಕತ್ತಿಲ್ಲವ್ವ, ನಾವ ತಿರುಗಾಕತ್ತೀವಿ" ಎಂದರು ಅತ್ತೆ.

ಮಕ್ಕಳೆಲ್ಲ ತಮ್ಮ ಕಾಲ ಕೆಳಗಿನ ನೆಲವನ್ನು ನೋಡಿಕೊಂಡರು. ನಾನು ಬಾಗಿಲಲ್ಲೇ ಏದುಸಿರು ಬಿಡುತ್ತ, ಬೈಯಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ಏನು ನಡೆಯುತ್ತಿದೆ ಎಂದು ನೋಡಲು ಎರಡು ಹೆಜ್ಜೆ ಮುಂದೆ ಬಂದು ಅವರ ನಡುವೆ ಬಗ್ಗಿದೆ.

"ವೀಣಾ" ಎಂದರು ಅತ್ತೆ, ತಲೆ ಎತ್ತದೆ, ತರಗತಿಗೆ ತಡವಾಗಿ ಬಂದವಳಿಗೆ ಹೇಳುವ ದನಿಯಲ್ಲಿ. "ಬಿಸಿಲಿಗೆ ಅಡ್ಡ ನಿಂತೀ. ಈ ಕಡೆ ಬಂದು ಕೂಡು."

ನಾನು ಹೋಗಿ ಮಕ್ಕಳ ಸಾಲಿನಲ್ಲಿ ಕೂತೆ.